ಪರದೇಶದಲ್ಲಿ ಕಳುವಾದ ಕರಡಿಗೆ

ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದ ಮೇಲೆ ತಿರುಗಿ ಬಂದು ಅದನ್ನು ಜಗ್ಗಿ ನೋಡುವ ಚಟ ನನಗಿದೆ. ಒಮ್ಮೆ ಜಗ್ಗಿದರೆ ಸಮಾಧಾನವಿಲ್ಲ, ಮೂರು ಸಲ ಆಗಲೇಬೇಕು. ಈ ಚಟದ ದೆಸೆಯಿಂದ ಈಗ ನಾವಿರುವ ಆಳಂದದ ಬಸ್ ನಿಲ್ದಾಣದಲ್ಲಿ ನಮ್ಮ ಕಣ್ಣೆದುರೇ ಬಸ್ಸು ಹೊರಟುಹೋದದ್ದು ಎಷ್ಟು ಸಲವೋ. ಮೊನ್ನೆ ಜೇವರ್ಗಿಗೆ, ನಮ್ಮ ಯಜಮಾನರ ಊರಿಗೆ, ಒಂದು ಮದುವೆಗೆಂದು ಹೊರಟಾಗಲೂ ಹಾಗೇ ಆಯಿತು. ಓಣಿಯ ತಿರುವಿನಲ್ಲಿ ನಿಂತು ಅವರು ಕೂಗಿದರು.

"ಶಾಂತಾ, ಆ ಬೀಗಕ್ಕ ನಾಚಿಕಿ ಬರಾಕತ್ತದ. ಎಷ್ಟ್ ಸಲ ಅದರ ಕೈ ಹಿಡದು ಮಾತಾಡಸ್ತಿ?"

ನಮ್ಮ ಯಜಮಾನರು ಚನ್ನಬಸಪ್ಪ ಮಾಸ್ತರರು, ಗಣಿತ ಕಲಿಸುವವರು. ಅವರಿಗೆ ಒಂದು ಲೆಕ್ಕವನ್ನು ಒಮ್ಮೆ ಬಿಡಿಸಿದರೆ ಮುಗಿಯಿತು. ನನಗೆ ಹಾಗಲ್ಲ. ಮುಗಿದದ್ದರ ಹಿಂದೆಯೇ ಸುತ್ತುವುದು ನನ್ನ ಮನಸ್ಸಿನ ಚಾಳಿ. ಆ ದಿನ ಬಸ್ಸು ತಪ್ಪಿ, ಮುಂದಿನದಕ್ಕೆ ಕಾಯುತ್ತ ಬೇವಿನ ಮರದ ಕೆಳಗೆ ಕೂತಿದ್ದಾಗ ನನಗೆ ಎಲ್ಲೆಲ್ಲಿಯದೋ ನೆನಪಾಗತೊಡಗಿತು.

ಹುಟ್ಟಿನಿಂದ ನಾನು ಬೀಗದವಳಲ್ಲ. ನಾನು ಬೆಳೆದದ್ದು ಅಫಜಲಪುರದ ಕಡೆಯ ಕರಜಗಿಯಲ್ಲಿ. ಆ ಮನೆಗೆ ಬೀಗವೆಂಬುದೇ ಇರಲಿಲ್ಲ. ಹೊಲಕ್ಕೆ ಹೋಗುವಾಗ ಅವ್ವ ಕದ ಮುಂದೆ ಮಾಡಿ ಕೊಂಡಿಯೊಳಗೆ ಒಂದು ಜಾಲಿಕಡ್ಡಿ ಸಿಕ್ಕಿಸುತ್ತಿದ್ದಳು. ಅದು ನಾಯಿಗಳಿಗಾಗಿ, ಆಡುಗಳಿಗಾಗಿ. ಮಜ್ಜಿಗೆ ಬೇಕಾದ ನೆರೆಯವರು ಕಡ್ಡಿ ತೆಗೆದು ಒಳಗೆ ಹೋಗಿ, ಗಡಿಗೆಯಿಂದ ಬಗ್ಗಿಸಿಕೊಂಡು, ಮತ್ತೆ ಕಡ್ಡಿ ಸಿಕ್ಕಿಸಿ ಹೋಗುತ್ತಿದ್ದರು. ಸಂಜೆ ಅವ್ವ ಗಡಿಗೆಯ ಮುಚ್ಚಳ ನೋಡಿಯೇ ಯಾರು ಬಂದಿದ್ದರೆಂದು ಹೇಳಿಬಿಡುತ್ತಿದ್ದಳು. ಮುಚ್ಚಳ ಸೊಟ್ಟಗಿದ್ದರೆ ಒಬ್ಬರು, ಮೇಲೆ ಒಂದು ಸೌದೆಯ ತುಂಡು ಇಟ್ಟಿದ್ದರೆ ಇನ್ನೊಬ್ಬರು.

ಮಣ್ಣಿನ ಮಾಳಿಗೆಯ ಮನೆ ಅದು. ನಡುಮನೆಯ ಮೇಲೆ ಒಂದು ಬೆಳಕಿಂಡಿ. ಅದರಿಂದ ಇಳಿಯುತ್ತಿದ್ದ ಬಿಸಿಲಿನ ಕೋಲಿನೊಳಗೆ ಧೂಳಿನ ಕಣಗಳು ಏಳುತ್ತ ಬೀಳುತ್ತ ಇರುತ್ತಿದ್ದವು. ಹುಡುಗಿಯಾಗಿದ್ದಾಗ ನಾನು ಅಂಗಾತ ಮಲಗಿ ಆ ಕಣಗಳನ್ನು ನೋಡುತ್ತ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಹೊತ್ತಿನೊಳಗೆ ಜಾರಿಬಿಡುತ್ತಿದ್ದೆ. ಆಯಿ, ಎಂದರೆ ಅಪ್ಪನ ತಾಯಿ, ಪೂಜೆಗೆ ಕೂರುತ್ತಿದ್ದುದು ಅದೇ ಬೆಳಕಿನಲ್ಲಿ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅದನ್ನೇ ದಿಟ್ಟಿಸುತ್ತಿದ್ದ ಅವಳ ಮುಖ ಆಗ ನನಗೆ ಯಾರದೋ ಮುಖದಂತೆ, ಬಹಳ ದೂರದವಳ ಮುಖದಂತೆ ಕಾಣುತ್ತಿತ್ತು.

ನಮ್ಮದು ಬಸವಣ್ಣನವರ ದಾರಿಯ ಮನೆತನ. ಮಗು ಹುಟ್ಟಿದೊಡನೆ ಮಠದ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅಲ್ಲಿಂದ ಸಾಯುವವರೆಗೆ ಅದು ಮೈಮೇಲೆ ಇರಬೇಕು, ದಿನವೂ ಅದಕ್ಕೆ ಪೂಜೆ ಆಗಬೇಕು. ನನ್ನ ಲಿಂಗವನ್ನಿಡಲು ಆಯಿ ತನ್ನ ಒಂದು ಕಡಗವನ್ನೇ ಕರಗಿಸಿ ಬೆಳ್ಳಿಯ ಕರಡಿಗೆ ಮಾಡಿಸಿದ್ದಳು. ಶಿವದಾರದಲ್ಲಿ ಕೊರಳಿಗೆ ತೂಗುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಡಬ್ಬಿ ಅದು. ಲಿಂಗ ಕಳೆದುಕೊಂಡವರು ಜೀವ ಇಟ್ಟುಕೊಳ್ಳಬಾರದು ಎಂದು ಊರಿನ ಹಿರಿಯರು ಹೆದರಿಸುತ್ತಿದ್ದರು. ಆಟದಲ್ಲಿ ಓಡುವಾಗೆಲ್ಲ ನಾನು ಒಂದು ಕೈಯಿಂದ ಎದೆಯ ಮೇಲಿನ ಕರಡಿಗೆ ಹಿಡಿದುಕೊಂಡೇ ಓಡುತ್ತಿದ್ದೆ. ಹೀಗಾಗಿ ಯಾವ ಓಟದಲ್ಲೂ ಗೆದ್ದವಳಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಮಾಸ್ತರಿಕೆಗೆಂದು ನೈಜೀರಿಯಾಕ್ಕೆ ಹೋದೆವು. ಆಗ ಅಲ್ಲಿ ಶಾಲೆಗಳು ಬಹಳವಾಗಿ ತೆರೆದು, ಕಲಿಸುವವರು ಸಾಲದೆ, ನಮ್ಮ ಕಡೆಯಿಂದ ಅನೇಕರನ್ನು ಕರೆಸಿಕೊಳ್ಳುತ್ತಿದ್ದರು. ಕಾನೋ ಪಟ್ಟಣದಿಂದ ಮೂರು ತಾಸಿನ ದಾರಿಯ ಒಂದು ಸಣ್ಣ ಊರು ನಮ್ಮ ಪಾಲಿಗೆ ಬಂತು. ಪರದೇಶವೆಂದು ಎದೆ ಗಟ್ಟಿ ಮಾಡಿಕೊಂಡು ಹೋದರೆ, ಲಾರಿಯಿಂದ ಇಳಿದ ಕೂಡಲೇ ಕಂಡದ್ದು ಜೋಳದ ಹೊಲ. ಆಮೇಲೆ ಬೇವಿನ ಮರಗಳ ಸಾಲು. ಆಮೇಲೆ ಮಣ್ಣಿನ ಗೋಡೆಯ ಮನೆಗಳು. ನಮ್ಮ ಯಜಮಾನರು ಪೆಟ್ಟಿಗೆ ಕೆಳಗಿಟ್ಟು ಸುತ್ತ ನೋಡಿದರು.

"ಇಷ್ಟು ಖರ್ಚು ಮಾಡಿ ವಿಮಾನ ಹತ್ತಿ ನಾವು ತಿರುಗಿ ನಮ್ಮ ಕಡಿ ಗೊಬ್ಬೂರಕ್ಕ ಬಂದೇವೇನು?" ಎಂದರು.

ಅಲ್ಲಿಯ ಹೌಸಾ ಮಾತಿನಲ್ಲೂ ಲೋಕಕ್ಕೆ ದುನಿಯಾ ಎಂದೇ ಅನ್ನುತ್ತಾರೆ. ಆ ಒಂದು ಶಬ್ದ ಕೇಳಿದ ದಿನ ನನಗೆ ಅರ್ಧ ಧೈರ್ಯ ಬಂತು. ಉಳಿದರ್ಧ ಕೊಟ್ಟವಳು ನೆರೆಮನೆಯ ಹಲೀಮಾ. ಐವತ್ತು ದಾಟಿದ ವಿಧವೆ, ಶೇಂಗಾ ಹಿಂಡಿ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಉಂಡೆ ಮಾಡಿ ಕರಿದು ಮಾರುವವಳು. ನಾನು ಜೋಳದ ರೊಟ್ಟಿ ಬಡಿಯುವುದನ್ನು ಮೊದಲ ಸಲ ಕಂಡಾಗ ಅವಳು ಹೊಸ್ತಿಲಲ್ಲೇ ಕೂತು ಕೊನೆಯ ರೊಟ್ಟಿಯವರೆಗೂ ಎದ್ದಿರಲಿಲ್ಲ. ಅವಳ ಭಾಷೆ ನಾನು ಕಲಿತದ್ದು ಅಷ್ಟಕ್ಕಷ್ಟೆ. ಆದರೂ ಈಗ ನೆನೆದಾಗಲೆಲ್ಲ ಅವಳ ಮಾತು ನನ್ನ ಕಿವಿಗೆ ಕರಜಗಿಯ ಮಾತಾಗಿಯೇ ಬೀಳುತ್ತದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡಬೇಕು. ಆ ಊರಿನ ಸೆಕೆಗೆ ಶಿವದಾರ ಬೆವರಿನಲ್ಲಿ ನೆನೆದು ನನ್ನ ಕೊರಳ ಸುತ್ತ ಗಂದೆಗಳು ಎದ್ದವು. ಶಾಲೆಯ ಹುಡುಗಿಯರು ರವಿಕೆಯೊಳಗಿನ ಉಬ್ಬು ತೋರಿಸಿ ಅದೇನೆಂದು ಕೇಳುತ್ತಿದ್ದರು. ಮೊದಲು ಶಾಲೆಯ ಹೊತ್ತಿಗಷ್ಟೇ ಎಂದು ಕಳಚಿ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಟ್ಟೆ. ಆಮೇಲೆ ಪೂಜೆಯ ಹೊತ್ತಿಗೆ ತೆಗೆದರಾಯಿತು ಎಂದುಕೊಂಡೆ. ಆಮೇಲೆ ಪೂಜೆಯೇ ಒಂದು ದಿನ ಬಿಟ್ಟು ಒಂದು ದಿನವಾಯಿತು, ವಾರಕ್ಕೊಮ್ಮೆಯಾಯಿತು, ಕೊನೆಗೆ ಪೆಟ್ಟಿಗೆ ತೆಗೆದಾಗ ಕಣ್ಣಿಗೆ ಬಿದ್ದರೆ ಕೈಮುಗಿಯುವಷ್ಟಕ್ಕೆ ಇಳಿಯಿತು. ನಮ್ಮ ಯಜಮಾನರು ತಮ್ಮದನ್ನು ಕೊರಳಿನಿಂದ ಎಂದೂ ತೆಗೆಯಲಿಲ್ಲ, ನನ್ನದೆಲ್ಲಿ ಎಂದು ಎಂದೂ ಕೇಳಲೂ ಇಲ್ಲ.

ಒಂದು ರವಿವಾರ ಪಕ್ಕದ ಊರಿನಲ್ಲಿದ್ದ ಇನ್ನೊಬ್ಬ ಭಾರತದ ಮಾಸ್ತರರ ಮನೆಗೆ ಊಟಕ್ಕೆ ಹೋಗಿ, ಬಿಸಿಲು ಇಳಿಯುವ ಹೊತ್ತಿಗೆ ಮರಳಿದೆವು. ಮುಂಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ತೆಗೆದು ಒಳಗೆ ಹೋದರೆ ಹಿಂದಿನ ಕಿಟಕಿಯ ಜಾಲರಿ ಕತ್ತರಿಸಿ ಬಿದ್ದಿತ್ತು. ಅಲ್ಲಿಂದ ನೇರವಾಗಿ ಒಳಗೆ ಬಿದ್ದ ಹಳದಿ ಬಿಸಿಲಿನಲ್ಲಿ ಮನೆಯೆಲ್ಲ ಬೇರೆ ಯಾರದೋ ಮನೆಯಂತೆ ಕಂಡಿತು. ರೇಡಿಯೋ ಇರಲಿಲ್ಲ. ಕುಕ್ಕರ್ ಇರಲಿಲ್ಲ. ಯಜಮಾನರು ಮದುವೆಯಲ್ಲಿ ಒಮ್ಮೆ ತೊಟ್ಟು ಮತ್ತೆ ತೊಡದ ಸೂಟು ಇರಲಿಲ್ಲ. ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ಧೂಳು ಕೂರದ ಒಂದು ಚೌಕ ಮಾತ್ರ ಉಳಿದಿತ್ತು.

ಯಜಮಾನರು ಪುಸ್ತಕದ ಕಪಾಟಿನ ಮುಂದೆ ನಿಂತಿದ್ದರು.

"ಒಂದೂ ಮುಟ್ಟಿಲ್ಲ ನೋಡು," ಎಂದರು. ಆ ದನಿಯಲ್ಲಿ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಿತ್ತು.

ನಾನು ಆ ಚೌಕದ ಪಕ್ಕದಲ್ಲಿ ಕೂತುಬಿಟ್ಟೆ.

"ಪೆಟಿಗ್ಯಾಗ ನನ್ನ ಕರಡಿಗಿ ಇತ್ತುರಿ," ಎಂದೆ.

ಅವರು ಬಂದು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಬೈದಿದ್ದರೆ ಅಳು ಬರುತ್ತಿತ್ತೇನೋ. ಅವರು ಬೈಯಲಿಲ್ಲ, ನನಗೆ ಅಳುವೂ ಬರಲಿಲ್ಲ.

ಮರುದಿನ ಸೈಕಲ್ ಮೇಲೆ ಒಬ್ಬ ಪೊಲೀಸಿನವರು ಬಂದರು. ಎತ್ತರದ, ಮೆಲುದನಿಯ ಮನುಷ್ಯ. ಕಳೆದದ್ದನ್ನೆಲ್ಲ ಒಂದೊಂದಾಗಿ ಬರೆದುಕೊಂಡು, ಇನ್ನೇನಾದರೂ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಂದು ಬೆಳ್ಳಿಯ ಡಬ್ಬಿ ಎಂದೆ. ಅದರೊಳಗೆ ಏನಿತ್ತು, ಒಡವೆಯೇ ಎಂದರು. ಒಡವೆಯಲ್ಲ ಎಂದೆ. ಮತ್ತೇನು ಎಂದರು. ನಾನು ಯಜಮಾನರ ಮುಖ ನೋಡಿದೆ.

"ದೇವರು," ಎಂದರು ಯಜಮಾನರು.

ಆ ಪೊಲೀಸಿನವರು ನಗಲಿಲ್ಲ. ನಮ್ಮಿಬ್ಬರನ್ನೂ ಒಮ್ಮೆ ನೋಡಿ, ತಲೆ ಬಗ್ಗಿಸಿ, ನಿಧಾನವಾಗಿ ಬರೆದರು: ದೇವರು, ಒಂದು, ಬೆಳ್ಳಿಯ ಡಬ್ಬಿಯೊಳಗೆ. ನೋಡಲು ಹೇಗಿತ್ತು ಎಂದು ಕೇಳಿದರು. ಸಣ್ಣ ಮೊಟ್ಟೆಯಂತೆ, ಕಪ್ಪಗೆ, ನುಣ್ಣಗೆ ಎಂದೆ. ಅದನ್ನೂ ಬರೆದರು. ಹೊರಡುವಾಗ ಎದೆಯ ಮೇಲೆ ಕೈಯಿಟ್ಟು "ಹಕುರಿ" ಎಂದರು. ತಾಳಿಕೋ ಎಂದು ಅರ್ಥ. ಅಲ್ಲಿ ಜನ ದುಃಖದವರ ಮನೆಗೆ ಬಂದಾಗ ಅನ್ನುವ ಮಾತು ಅದು.

ಹಲೀಮಾ ಆ ದಿನ ಶೇಂಗಾ ಉಂಡೆ ಕರಿಯಲಿಲ್ಲ. ಬಂದು ನನ್ನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಸುಮ್ಮನೆ ಕೂತಳು. ನಮ್ಮ ಊರಿನಲ್ಲಿ ಸಾವಾದ ಮನೆಗೆ ಬಂದು ಕೂರುವ ಹೆಂಗಸರ ಹಾಗೆ. ಮಧ್ಯಾಹ್ನದ ಹೊತ್ತಿಗೆ ಬಾಯಿಬಿಟ್ಟಳು.

"ಕಳ್ಳರು ಬೇಕಾದ್ದು ಒಯ್ತಾರ, ಬ್ಯಾಡಾದ್ದು ಹಾದ್ಯಾಗ ಒಗೀತಾರ. ಬಾ, ಹುಡುಕೂಣು."

ಸುಗ್ಗಿ ಮುಗಿದ ಕಾಲ. ಮರುಭೂಮಿಯ ಕಡೆಯಿಂದ ಬೀಸುವ ಗಾಳಿ ಹಿಟ್ಟಿನಂಥ ಧೂಳು ತಂದು, ಹಗಲಿಡೀ ಸೂರ್ಯ ಬೆಳ್ಳಗೆ, ಚಂದ್ರನ ಹಾಗೆ ಕಾಣುತ್ತಿದ್ದ. ಆ ಮಬ್ಬಿನಲ್ಲಿ ನಾವಿಬ್ಬರೂ ಮೂರು ದಿನ ಜೋಳದ ಕೂಳೆಗಳ ನಡುವೆ ನೆಲ ನೋಡುತ್ತ ನಡೆದೆವು. ಮೊದಲ ದಿನ ಮುಳ್ಳುಕಂಟಿಯಲ್ಲಿ ಸಿಕ್ಕಿದ್ದ ನನ್ನ ರವಿಕೆಯ ಖಣ ಸಿಕ್ಕಿತು. ಎರಡನೆಯ ದಿನ ಪೆಟ್ಟಿಗೆಯಲ್ಲಿದ್ದ ಊರಿನ ಕಾಗದಗಳು ಹೊಲದ ತುಂಬ ಹಾರಿಬಿದ್ದಿದ್ದವು. ಅಪ್ಪನ ದುಂಡು ಅಕ್ಷರಗಳನ್ನು ಹಲೀಮಾ ಒಂದೊಂದಾಗಿ ಆರಿಸಿ, ಧೂಳು ಊದಿ, ಮಡಿಲಿಗೆ ಹಾಕಿಕೊಂಡಳು. ಕರಡಿಗೆ ಸಿಗಲಿಲ್ಲ. ಮೂರನೆಯ ದಿನ ನನಗೆ ಸಾಕಾಯಿತು, ಬಿಟ್ಟುಬಿಟ್ಟೆ.

ಹಲೀಮಾ ಬಿಡಲಿಲ್ಲ. ಸೌದೆಗೆ ಹೋದಾಗ, ನೀರಿಗೆ ಹೋದಾಗ ಹುಡುಕುತ್ತಲೇ ಇದ್ದಳು. ಸಂಜೆ ಬಂದು ಮುಷ್ಟಿ ಬಿಚ್ಚುತ್ತಿದ್ದಳು. ಅಂಗೈಯಲ್ಲಿ ಒಂದು ಕಪ್ಪು ಕಲ್ಲು.

"ಇದೇ ಏನು?"

"ಅಲ್ಲ."

ಮರುದಿನ ಇನ್ನೊಂದು ಕಲ್ಲು. ಅದೂ ಅಲ್ಲ. ನಮ್ಮ ಕಟ್ಟೆಯ ಮೇಲೆ ಕಲ್ಲಿನ ಸಣ್ಣ ಗುಂಪೆಯೇ ಬೆಳೆಯಿತು. ಒಂದು ದಿನ ಅವಳು ತಂದದ್ದು ನಿಜಕ್ಕೂ ಹಾಗೇ ಇತ್ತು. ಅದೇ ಗಾತ್ರ, ಅದೇ ನುಣುಪು, ಎಷ್ಟೋ ಮಳೆಗಾಲದ ನೀರಿನಲ್ಲಿ ಉರುಳಿ ಉರುಳಿ ದುಂಡಾದದ್ದು. ಅವಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, ಹೌದು ಎಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅವಳಿಗಾಗಿಯೂ ಅನ್ನಿಸಿತು, ನನಗಾಗಿಯೂ ಅನ್ನಿಸಿತು.

"ಅಲ್ಲ, ಹಲೀಮಾ," ಎಂದೆ.

ಅವಳು ಕಲ್ಲನ್ನು ನನ್ನ ಕೈಯಲ್ಲೇ ಬಿಟ್ಟು ಹೋದಳು. ಆಮೇಲೆ ತರಲಿಲ್ಲ.

ಊರಿಗೆ ಕಳುವಿನ ಸುದ್ದಿ ಬರೆದೆ. ರೇಡಿಯೋ ಬರೆದೆ, ಕುಕ್ಕರ್ ಬರೆದೆ, ಸೂಟಿನ ಕಥೆಯನ್ನು ನಗುವಂತೆ ಬರೆದೆ. ಕರಡಿಗೆಯ ಮಾತು ಬರೆಯಲಿಲ್ಲ. ಅವ್ವನಿಗೆ ಓದುಬರಹ ಬಾರದು. ಅವಳು ಹೇಳಿದ್ದನ್ನು ಅಪ್ಪ ಬರೆಯುತ್ತಿದ್ದರು. ಪ್ರತಿ ಕಾಗದದ ಕೊನೆಗೂ ಒಂದೇ ಸಾಲು: ಪೂಜೆ ನಡೆದಿದೆಯೇ ಎಂದು ನಿಮ್ಮವ್ವ ಕೇಳುತ್ತಾಳೆ. ನಡೆದಿದೆ ಎಂದು ಬರೆದೆ. ಎರಡು ವರ್ಷ ಹಾಗೇ ಬರೆದೆ.

ರಜೆಗೆ ಊರಿಗೆ ಹೋಗುವ ದಿನ ಹತ್ತಿರ ಬಂದಂತೆ ನನಗೆ ಊಟ ಸೇರದಾಯಿತು. ನಾನು ಮನೆಗೆ ಬಂದಾಗಲೆಲ್ಲ ಅವ್ವ ತಬ್ಬಿಕೊಳ್ಳುವ ನೆಪದಲ್ಲಿ ನನ್ನ ಎದೆ ಮುಟ್ಟಿ ಕರಡಿಗೆ ಇದೆಯೇ ಎಂದು ನೋಡುವವಳು, ನಾನು ಎಷ್ಟೇ ದೊಡ್ಡವಳಾದರೂ. ಕೊನೆಗೆ ನಾನು ಮಾಡಿದ್ದು ಹೇಳಿದರೆ ನೀವು ನಗುತ್ತೀರಿ. ಹಲೀಮಾ ಬಿಟ್ಟುಹೋದ ಆ ಕಲ್ಲನ್ನು ಬಿಳಿಯ ಬಟ್ಟೆಯ ಚೀಲದಲ್ಲಿಟ್ಟು ಹೊಲಿದು, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ದೇವರೊಡನೆ ಸಲಿಗೆಯಲ್ಲ ಅದು, ಅವ್ವನ ಭಯ.

ಮುಂಬಯಿಯಿಂದ ರೈಲಿನಲ್ಲಿ ಕಲಬುರ್ಗಿಗೆ ಬಂದು, ಅಲ್ಲಿಂದ ಯಜಮಾನರು ಜೇವರ್ಗಿಗೂ ನಾನು ಕರಜಗಿಗೂ ಹೋದೆವು. ಬಾಗಿಲಲ್ಲೇ ಅವ್ವನ ಕೈ ನನ್ನ ಎದೆಗೆ ಬಂತು. ಚೀಲ ತಾಕಿತು.

"ಬೆಳ್ಳೀದು ಎಲ್ಲಿ?"

"ಕಳವಾದೀತಂತ ಬಟ್ಟ್ಯಾಗ ಇಟ್ಕೊಂಡೇನಿ."

"ಚಲೋ ಮಾಡಿದಿ," ಎಂದಳು ಅವ್ವ. ಆಯಿ ತೀರಿಕೊಂಡು ವರ್ಷವಾಗಿತ್ತು. ಅವಳ ಕಡಗದ ಬೆಳ್ಳಿಯ ಬಗ್ಗೆ ಕೇಳಲು ಇನ್ನು ಯಾರೂ ಇರಲಿಲ್ಲ.

ಎರಡು ದಿನ ಪೂಜೆಯ ಹೊತ್ತಿಗೆ ಏನಾದರೊಂದು ನೆಪ ಹೂಡಿ ತಪ್ಪಿಸಿಕೊಂಡೆ. ಮೂರನೆಯ ದಿನ ಅವ್ವ ಬೆಳಕಿಂಡಿಯ ಕೆಳಗೆ ಎರಡು ಮಣೆ ಹಾಕಿ, ವಿಭೂತಿ ತೆಗೆದಿಟ್ಟು ಕರೆದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕೂತೆ. ಚೀಲದ ಹೊಲಿಗೆ ಬಿಚ್ಚಿದೆ. ಅವ್ವ ನನ್ನ ಅಂಗೈಯನ್ನೇ ನೋಡಿದಳು. ಆಮೇಲೆ ಕಲ್ಲನ್ನು ಎತ್ತಿಕೊಂಡು ತಿರುಗಿಸಿದಳು.

"ಇದು ಯಾವ ಊರಿನ ಕಲ್ಲು?"

ಎಲ್ಲ ಹೇಳಿದೆ. ಗಂದೆ ಎದ್ದದ್ದು, ಪೆಟ್ಟಿಗೆ, ಜಾಲರಿ, ಹಲೀಮಾ, ಸುಳ್ಳು ಕಾಗದಗಳು. ಹೇಳುತ್ತಿದ್ದಂತೆ ಅಂದು ಬಾರದಿದ್ದ ಅಳು ಬಂತು. ಅವ್ವ ನನ್ನನ್ನು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬಿಸಿಲಿನ ಕೋಲು ಮಣೆಯಿಂದ ನೆಲಕ್ಕೆ ಸರಿಯಿತು.

"ನಂದೂ ಹೋಗಿತ್ತು," ಎಂದಳು.

ನನಗೆ ಮೊದಲು ತಿಳಿಯಲಿಲ್ಲ.

"ನೀ ಮೂರು ವರ್ಷದಾಕಿ ಇದ್ದಿ. ಬ್ಯಾಸಗಿ. ಊರಾಗಿನ ಬಾವಿಗಳೆಲ್ಲ ಬತ್ತಿ, ಅರಿವಿ ಒಗ್ಯಾಕ ಭೀಮಾ ಹೊಳಿಗೆ ಹೋಗಿದ್ದೆ. ನಿನ್ನ ದಂಡಿ ಮ್ಯಾಲ ಉಸುಕಿನ್ಯಾಗ ಕುಂಡ್ರಿಸಿದ್ದೆ. ಬಗ್ಗಿ ಒಗ್ಯಾಕತ್ತಾಗ ಶಿವದಾರ ಹರದು ಹೋತು. ನೀರಾಗ ಬಿದ್ದಿದ್ದು ಸಪ್ಪಳ ಸೈತ ಆಗಲಿಲ್ಲ."

"ಸಿಗಲಿಲ್ಲೇನು?"

"ಹೊತ್ತು ತಿರುಗೂತನ ಕೈಯಾಡಿಸಿದೆ. ಬರೇ ಉಸುಕು. ಹಿರ್ಯಾರು ಅಂತಿದ್ರಲ್ಲ, ಲಿಂಗ ಹೋದರ ಜೀವ ಇಟ್ಕೋಬಾರದಂತ. ಮುಂದ ಮಡುವು ಇತ್ತು. ಸೊಂಟದ ಮಟ ನೀರಾಗ ನಿಂತಿದ್ದೆ. ಇನ್ನೊಂದು ನಾಕು ಹೆಜ್ಜಿ ಅಷ್ಟೇ."

ಅವ್ವ ಇದನ್ನು ಹೇಳಿದ್ದು ಹಾಲು ಉಕ್ಕಿದ ಸುದ್ದಿ ಹೇಳಿದಷ್ಟೇ ಸಹಜವಾಗಿ.

"ನೀ ಅಳಾಕ ಸುರು ಮಾಡಿದಿ. ಹಸಿವ್ಯಾಗಿತ್ತು ನಿನಗ. ದಂಡಿಗೆ ಬಂದೆ, ಗಂಟಿನ್ಯಾಗಿನ ರೊಟ್ಟಿ ಮುರದು ಕೊಟ್ಟೆ. ನೀ ತಿಂತಿದ್ದಿ, ನಾ ನೋಡ್ಕೋತ ಕುಂತೆ. ಆಮ್ಯಾಲ ಮಡುವಿನ ಕಡಿ ಹೋಗಾಕ ಆಗಲಿಲ್ಲ. ನೆಟ್ಟಗ ಮಠಕ್ಕ ಹೋದೆ. ಅಯ್ಯಾರು ಒಂದು ಮಾತು ಕೇಳಲಿಲ್ಲ. ಹೊಸಾದು ಕಟ್ಟಿದರು, ಮೊದಲ ಉಂಡು ಬಾ ಅಂದರು."

"ಅಪ್ಪಗ ಹೇಳಿದ್ಯೇನು?"

"ಯಾರಿಗೂ ಹೇಳಿಲ್ಲ. ನಿಮ್ಮ ಆಯಿಗೂ ಹೇಳಿಲ್ಲ, ನಿಮ್ಮಪ್ಪಗೂ ಹೇಳಿಲ್ಲ. ಇವತ್ತ ನಿನಗ ಹೇಳಾಕತ್ತೇನಿ."

ಎದೆ ಮುಟ್ಟಿ ನೋಡುತ್ತಿದ್ದ ಆ ಕೈ ನನ್ನನ್ನು ಪರೀಕ್ಷಿಸುತ್ತಿದೆ ಎಂದು ಬಾಲ್ಯವಿಡೀ ತಿಳಿದಿದ್ದೆ. ಅದು ಹೆದರಿದ ಕೈ ಎಂದು ತಿಳಿಯಲು ನಾನು ಅಷ್ಟು ದೂರ ಹೋಗಿ, ಅಷ್ಟು ಕಳೆದುಕೊಂಡು ಬರಬೇಕಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಮಠಕ್ಕೆ ಹೋದೆವು. ಅಂದಿನ ಅಯ್ಯನವರೇ ಇದ್ದರು. ಬಹಳ ಮುದುಕರಾಗಿ, ಕಣ್ಣು ಮಂಜಾಗಿತ್ತು. ಅವ್ವ ಎರಡೇ ಮಾತಿನಲ್ಲಿ ಹೇಳಿದಳು. ಅವರು ನನ್ನ ಎಡಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಹೊಸ ಲಿಂಗ ಇಟ್ಟು, ಬಿಳಿಯ ಹೊಸ ಶಿವದಾರ ಕಟ್ಟಿದರು. ನಾನು ಅಂಜುತ್ತ ಹಲೀಮಾ ಕೊಟ್ಟ ಕಲ್ಲನ್ನೂ ತೋರಿಸಿ, ಇದನ್ನೇನು ಮಾಡಲಿ ಎಂದು ಕೇಳಿದೆ.

"ಯಾರು ಕೊಟ್ಟಿದ್ದವ್ವಾ?"

"ಅಲ್ಲಿ ನೆರಮನ್ಯಾಕಿರಿ. ಮುಸಲ್ಮಾನರಾಕಿ. ನನ್ನ ಸಲುವಾಗಿ ತಿಂಗಳಗಟ್ಟಲೆ ಹುಡುಕಿದಳ್ರಿ."

ಅವರು ಕಲ್ಲನ್ನು ಬೆರಳಿನಿಂದ ಸವರಿ ನನಗೇ ಮರಳಿಸಿದರು.

"ಇಟ್ಕೋ. ಆಕಿ ಮನಿಗೆ ಬರಿಗೈಲೆ ಹೋಗಬ್ಯಾಡ," ಎಂದರಷ್ಟೆ.

ದಾರಿಯಲ್ಲೇ ಅವ್ವ ಲೆಕ್ಕ ಹಾಕತೊಡಗಿದಳು. ಹಲೀಮಾಗೆ ಒಂದು ಇಳಕಲ್ ಸೀರೆ, ಒಂದು ಡಬ್ಬಿ ಶೇಂಗಾ ಚಟ್ನಿ. ಅವಳೇ ಶೇಂಗಾ ಮಾರುವವಳು ಎಂದರೂ ಕೇಳಲಿಲ್ಲ. ನಮ್ಮ ಕಡೆಯ ಶೇಂಗಾದ ರುಚಿ ಅವಳಿಗೇನು ಗೊತ್ತು ಎಂದಳು.

ಆ ಮಧ್ಯಾಹ್ನ ಅಪ್ಪನೂ ನಾನೂ ಊಟಕ್ಕೆ ಕೂತಿದ್ದೆವು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಮಾತು ಕಡಿಮೆಯ ಮನುಷ್ಯ. ತುತ್ತು ನಿಲ್ಲಿಸಿ ನನ್ನ ಕೊರಳ ಕಡೆ ನೋಡಿದರು.

"ಶಿವದಾರ ಹೊಸಾದು ಕಾಣತದ," ಎಂದರು.

ನಾನು ಅವ್ವನ ಕಡೆ ನೋಡಿದೆ. ಅವಳ ಕೈ ಹಿಟ್ಟಿನ ಮೇಲೆ ನಿಂತಿತ್ತು. ಮುಚ್ಚಿಡುವುದು ಸಾಕೆನಿಸಿ ನಾನು ನನ್ನ ಕಥೆಯನ್ನಷ್ಟೇ, ಅವ್ವನದನ್ನು ಬಿಟ್ಟು, ಚಿಕ್ಕದಾಗಿ ಹೇಳಿದೆ. ಅಪ್ಪ ಕೇಳಿ ಮುಗಿಸಿ, ಪುಂಡಿಪಲ್ಯ ಹಚ್ಚಿಕೊಂಡು ಒಂದು ತುತ್ತು ತಿಂದರು, ನೀರು ಕುಡಿದರು.

"ನಿಮ್ಮವ್ವಂದೂ ಒಮ್ಮಿ ಹಂಗೇ ಹೊಸಾದಿತ್ತು," ಎಂದರು. "ಹೊಳಿಯಿಂದ ಬಂದ ದಿವಸ. ಸೀರಿ ಸೊಂಟದ ಮಟ ತೊಯ್ದಿತ್ತು. ನಾ ಕೇಳಲಿಲ್ಲ. ಮುಂದಿನ ಬ್ಯಾಸಗಿ ಬರೂದ್ರಾಗ ಹಿತ್ತಲದಾಗ ಬಾವಿ ತೋಡಿಸಿದೆ. ಎತ್ತಿನ ನೀರಿಗಂತ ಎಲ್ಲಾರಿಗೂ ಹೇಳಿದೆ. ಎತ್ತು ಹೊಳಿಗೆ ಹೋಗಿದ್ದರ ಏನಾಗತಿತ್ತು? ಈಕಿ ಮತ್ತ ಹೊಳಿಗೆ ಹೋಗೂದು ಬ್ಯಾಡಾಗಿತ್ತು ನನಗ."

ಅವ್ವ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನಮ್ಮ ಊಟ ಮುಗಿಯಿತು, ಕೈ ತೊಳೆದೆವು, ಅಪ್ಪ ಕಟ್ಟೆಗೆ ಹೋಗಿ ಅಡ್ಡಾದರು. ಸಪ್ಪಳ ನಿಲ್ಲಲಿಲ್ಲ. ಉಣ್ಣುವವರು ನಾವು ಮೂರೇ ಜನ, ಅವ್ವ ಆ ದಿನ ಬುಟ್ಟಿ ತುಂಬುವವರೆಗೆ ರೊಟ್ಟಿ ಬಡಿಯುತ್ತಲೇ ಇದ್ದಳು.